ಮಂಜರಾಬಾದಿನ ಎಲಿಯಟ್: ಕಾಫಿ ತೋಟದಿಂದ ಪ್ರಜಾಪ್ರತಿನಿಧಿ ಸಭೆಗೆ



ಈ ತಿಂಗಳು ಸಂಘದಲ್ಲಿ "ನಿಮ್ಮ ಜಿಲ್ಲೆಯ ಚರಿತ್ರೆಯಿಂದ ಒಬ್ಬರನ್ನ ಆರಿಸಿಕೊಂಡು ಬರೀರಿ" ಅಂದರು. ನಮ್ಮೂರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ, ಹಾಸನ ಜಿಲ್ಲೆ. ಎಲ್‌ಕೆಜಿಯಿಂದ ಪಿಯುಸಿವರೆಗೂ ನಾನು ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಹಾಗಾಗಿ ಬರವಣಿಗೆಯಲ್ಲಿ ತಪ್ಪು ಕಂಡರೆ ಹೇಳಿ, ತಿದ್ದಿಕೊಳ್ತೀನಿ.

ನಮ್ಮ ಕಡೆ ಅರ್ಧ ಬಯಲು, ಅರ್ಧ ಮಲೆನಾಡು. ಪೂರ್ವಕ್ಕೆ ಹೋದರೆ ಹೊಗೆಸೊಪ್ಪು, ಆಲೂಗಡ್ಡೆ, ಜೋಳದ ಹೊಲ. ಪಶ್ಚಿಮಕ್ಕೆ ಹೋದರೆ ಸಕಲೇಶಪುರ ಮತ್ತು ಕೊಡಗಿನ ಕಾಫಿ ತೋಟ. ಹಣ್ಣು ಕುಯ್ಯೋ ಕಾಲ ಬಂದ್ರೆ ಇವತ್ತಿಗೂ ನಮ್ಮ ಕಡೆಯಿಂದ ಬೆಳಗ್ಗೆ ಜೀಪು ತುಂಬ ಜನ ತೋಟಕ್ಕೆ ಹೋಗ್ತಾರೆ. ನಮ್ಮಜ್ಜಿನೂ ಚಿಕ್ಕವಳಿದ್ದಾಗ ಹೋಗಿದ್ದಳು. ಅವಳ ಅಜ್ಜಿನೂ ಹೋಗಿದ್ದಳಂತೆ.

ಹಾಗಾದ್ರೆ ಈ ತೋಟಗಳನ್ನ ಮೊದಲು ಮಾಡಿದವರು ಯಾರು ಅಂತ ಹುಡುಕುವಾಗ ನನಗೆ ಸಿಕ್ಕಿದ ಹೆಸರು ರಾಬರ್ಟ್ ಹೆನ್ರಿ ಎಲಿಯಟ್. ಆತ ಕಾಫಿ ಬೆಳೆಗಾರ, ಲೇಖಕ, ಜೊತೆಗೆ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯ. ಅಂದ್ರೆ 19ನೇ ಶತಮಾನದಲ್ಲಿ ನಮ್ಮ ಜಿಲ್ಲೆಯಲ್ಲಿ ವ್ಯಾಪಾರವನ್ನೂ ಮಾಡಿ, ಶಾಸನಸಭೆಯಂಥ ಒಂದು ಸಭೆಯಲ್ಲೂ ಕೂತು ಬಂದ ಮನುಷ್ಯ. ಈ ಪಾಠದಲ್ಲಿ ಅವನ ಜೀವನವನ್ನ ನೋಡೋಣ. ಕೊನೆಗೆ ಒಂದು ಪ್ರಶ್ನೆನೂ ಇದೆ: ಪ್ರತಿನಿಧಿ ಅಂದ್ರೆ ಯಾರ ಪ್ರತಿನಿಧಿ?

1. ನಮ್ಮ ವಯಸ್ಸಲ್ಲೇ ಹಡಗು ಹತ್ತಿದವನು

ಎಲಿಯಟ್ ಹುಟ್ಟಿದ್ದು 1837ರಲ್ಲಿ, ಸ್ಕಾಟ್ಲೆಂಡ್ ಕಡೆಯ ಜಮೀನ್ದಾರರ ಮನೆತನ. 1855ರ ಸುಮಾರಿಗೆ ಮೈಸೂರು ಸೀಮೆಗೆ ಬಂದ. ಅಂದ್ರೆ ಬಂದಾಗ ಸುಮಾರು ಹದಿನೆಂಟು ವಯಸ್ಸು. ನಾವು ಸಿಇಟಿ ಕೌನ್ಸೆಲಿಂಗ್‌ನಲ್ಲಿ ಯಾವ ಬ್ರಾಂಚ್ ತಗೊಳ್ಳೋದು ಅಂತ ತಲೆ ಕೆಡಿಸಿಕೊಳ್ಳೋ ವಯಸ್ಸು.

ಆಗಿನ ಪರಿಸ್ಥಿತಿ ಸ್ವಲ್ಪ ನೆನಪಿಟ್ಟುಕೊಳ್ಳಿ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ, ಅಂದ್ರೆ ಇನ್ನೂ ಆಗಿರಲಿಲ್ಲ. ಮೈಸೂರು ರಾಜ್ಯ 1831ರಿಂದ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಈಗಿನ ಸಕಲೇಶಪುರ ತಾಲ್ಲೂಕಿಗೆ ಆಗ ಮಂಜರಾಬಾದ್ ಅಂತ ಹೆಸರು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರದಾಕಾರದ ಮಂಜರಾಬಾದ್ ಕೋಟೆಗೆ ನೀವೆಲ್ಲ ಟ್ರಿಪ್ ಹೋಗಿ ಡ್ರೋನ್ ಫೋಟೊ ನೋಡಿರ್ತೀರ, ಅದೇ ಮಂಜರಾಬಾದ್. ಅಲ್ಲಿಂದ ಮಂಗಳೂರು ಬಂದರಿಗೆ ಸರಕು ಹೋಗಬೇಕು ಅಂದ್ರೆ ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಇಳಿಸಬೇಕು. ಹಾಸನ–ಮಂಗಳೂರು ರೈಲು ಮಾರ್ಗ ಪೂರ್ತಿಯಾಗಿದ್ದು 1979ರಲ್ಲಿ ಅಂದ್ರೆ, ಆ ಘಟ್ಟ ಎಷ್ಟು ಕಷ್ಟದ್ದು ಅಂತ ಲೆಕ್ಕ ಹಾಕಿ.

ಕಾಫಿ ನಮ್ಮ ನಾಡಿಗೆ ಹೊಸದೇನಲ್ಲ. ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಹಾಕಿದರು ಅನ್ನೋ ಕಥೆ ಎಲ್ಲರಿಗೂ ಗೊತ್ತು. ಊರಿನ ಜನ ಹಿತ್ತಲಲ್ಲಿ, ಕಾಡಿನ ಅಂಚಲ್ಲಿ ಕಾಫಿ ಬೆಳೀತಿದ್ರು. ಆದರೆ ಬಂಡವಾಳ ಹಾಕಿ ದೊಡ್ಡದಾಗಿ ತೋಟ ಮಾಡೋದು ಶುರುವಾಗಿದ್ದು 19ನೇ ಶತಮಾನದಲ್ಲಿ. ಮಂಜರಾಬಾದಿನಲ್ಲಿ 1843ರಲ್ಲಿ ಫ್ರೆಡರಿಕ್ ಗ್ರೀನ್ ಅನ್ನೋನು ಮೊದಲ ಯುರೋಪಿಯನ್ ತೋಟ ಶುರು ಮಾಡಿದ. ಅದಾದ ಹನ್ನೆರಡು ವರ್ಷಕ್ಕೆ ಎಲಿಯಟ್ ಬಂದ. ಕಾಡು ತಗೊಂಡು ತೋಟ ಮಾಡಿದ, ಊರಿನ ಗೌಡರ ಜೊತೆ ಒಡನಾಡಿದ, ಬೇಟೆ ಆಡಿದ. 1871ರಲ್ಲಿ ಈ ಅನುಭವಗಳನ್ನೆಲ್ಲ 'ಎಕ್ಸ್‌ಪೀರಿಯನ್ಸಸ್ ಆಫ್ ಎ ಪ್ಲಾಂಟರ್ ಇನ್ ದ ಜಂಗಲ್ಸ್ ಆಫ್ ಮೈಸೂರ್' ಅನ್ನೋ ಪುಸ್ತಕ ಮಾಡಿದ. 1894ರಲ್ಲಿ 'ಗೋಲ್ಡ್, ಸ್ಪೋರ್ಟ್ ಅಂಡ್ ಕಾಫಿ ಪ್ಲಾಂಟಿಂಗ್ ಇನ್ ಮೈಸೂರ್' ಅಂತ ಇನ್ನೊಂದು ಪುಸ್ತಕ ಬಂತು. ಎರಡನೇದರಲ್ಲಿ ಕಾಫಿ, ಕೋಲಾರದ ಚಿನ್ನ, ಹುಲಿ, ಜಾತಿ, ಕಾಂಗ್ರೆಸ್, ಬೆಳ್ಳಿಯ ಬೆಲೆ, ಪ್ರಜಾಪ್ರತಿನಿಧಿ ಸಭೆ ಎಲ್ಲಾ ಇದೆ.

2. ಮರ ಕಡಿದು ಕಲಿತ ಪಾಠ

ಎಂಜಿನಿಯರಿಂಗ್ ಓದೋರಿಗೆ ಈ ಭಾಗ ಇಷ್ಟ ಆಗುತ್ತೆ ಅಂದ್ಕೊಂಡಿದ್ದೀನಿ. ಇದು ಒಂದು ಫೇಲ್ಯೂರ್ ಅನಾಲಿಸಿಸ್.

ಆಗ ಕಾಫಿಗೆ ದೊಡ್ಡ ಮಾದರಿ ಸಿಲೋನ್, ಈಗಿನ ಶ್ರೀಲಂಕಾ. ಅಲ್ಲಿನ ಪದ್ಧತಿ ಏನಪ್ಪಾ ಅಂದ್ರೆ ಕಾಡನ್ನ ಪೂರ್ತಿ ಕಡಿದು, ಸುಟ್ಟು, ಬಯಲಲ್ಲಿ ಸಾಲಾಗಿ ಕಾಫಿ ಗಿಡ ಹಾಕೋದು. ನೆರಳು ಇಲ್ಲ. ಮೊದಲ ಕೆಲವು ವರ್ಷ ಫಸಲು ಚೆನ್ನಾಗಿ ಬರುತ್ತೆ. ಮೈಸೂರು, ಕೊಡಗಿನಲ್ಲೂ ತುಂಬಾ ಜನ ಹಾಗೇ ಮಾಡಿದರು.

1860ರ ದಶಕದಲ್ಲಿ ಪೆಟ್ಟು ಬಿತ್ತು. ನಮ್ಮ ಕಡೆ 'ಬೋರರ್' ಅಂತಲೇ ಕರೆಯೋ ಕಾಂಡಕೊರಕ ಹುಳ ತೋಟಗಳನ್ನ ತಿಂದು ಹಾಕ್ತು. ಇದು ಒಂದು ಜೀರುಂಡೆ. ಗಿಡದ ತೊಗಟೆಯ ಬಿರುಕಲ್ಲಿ ಮೊಟ್ಟೆ ಇಡುತ್ತೆ. ಮರಿ ಹುಳ ಕಾಂಡದ ಒಳಗೆ ಸುರಂಗ ಕೊರೀತಾ ಹೋಗುತ್ತೆ. ಹೊರಗಡೆಯಿಂದ ಗೊತ್ತಾಗೋ ಹೊತ್ತಿಗೆ ಎಲೆ ಹಳದಿ ಆಗಿ ಗಿಡ ಸತ್ತೇ ಹೋಗಿರುತ್ತೆ. ಈ ಜೀರುಂಡೆಗೆ ಬಿಸಿಲು ಬೀಳೋ, ಬೆಚ್ಚಗಿರೋ ಕಾಂಡ ಅಂದ್ರೆ ಇಷ್ಟ. ಅಂದ್ರೆ ಮರ ಕಡಿದು ಬಯಲು ಮಾಡಿದವರೇ ಹುಳಕ್ಕೆ ಮನೆ ಕಟ್ಟಿಕೊಟ್ಟ ಹಾಗಾಯ್ತು. ಮದ್ರಾಸ್ ಸರ್ಕಾರ ಜಾರ್ಜ್ ಬಿಡಿ ಅನ್ನೋ ಡಾಕ್ಟರನ್ನ ತನಿಖೆಗೆ ಕಳಿಸ್ತು. 1869ರಲ್ಲಿ ಬಂದ ಅವನ ವರದಿನೂ ನೆರಳಿನ ಅಗತ್ಯವನ್ನ ಹೇಳಿತು.

ಅದರ ಜೊತೆಗೆ ಇನ್ನೊಂದು ಸಮಸ್ಯೆ. ಮೊದಲಿಂದ ಇದ್ದ 'ಚಿಕ್' ಅನ್ನೋ ತಳಿ, ಚಿಕ್ಕಮಗಳೂರಿಂದ ಬಂದ ಹೆಸರು, ಸೊರಗಿ ಹೋಯ್ತು. ಆಗ ಕೊಡಗಿನ ಗಿಡದ ಬೀಜ ತಂದು ಹಾಕಿ ಮೈಸೂರಿನ ತೋಟಗಳು ಉಳ್ಕೊಂಡವು.

ಎಲಿಯಟ್ ತನ್ನ ಪುಸ್ತಕದಲ್ಲಿ ನೆರಳಿಗೇ ಉದ್ದವಾಗಿ ಜಾಗ ಕೊಡ್ತಾನೆ. ಯಾವ ಮರ ಇಡಬೇಕು, ಯಾವುದು ಬೇಡ, ಎಷ್ಟು ದೂರಕ್ಕೆ ನೆಡಬೇಕು ಅಂತ. ಓದುವಾಗ ನನಗೆ ಖುಷಿ ಆಗಿದ್ದು ಒಂದೇ ಕಾರಣಕ್ಕೆ: ಆ ಮರಗಳ ಹೆಸರು ಇಂಗ್ಲಿಷ್ ಪುಸ್ತಕದಲ್ಲಿ ಕನ್ನಡದಲ್ಲೇ ಇವೆ. ಗೋಣಿ, ಬಸರಿ, ಅತ್ತಿ, ಮಿಟ್ಲಿ. ಸ್ಪೆಲಿಂಗ್ ವಿಚಿತ್ರವಾಗಿದೆ, ಆದರೆ ಜೋರಾಗಿ ಓದಿದರೆ ನಮ್ಮಜ್ಜಿಗೆ ಅರ್ಥ ಆಗುತ್ತೆ. ಓದಿ ತೋರಿಸಿದೆ. "ಬಸರಿ ಮರದ ಕೆಳ್ಗೆ ಗಿಡ ಚೆಂದಾಗಿರ್ತವೆ ಕಣ್ಲಾ, ಅದುಕ್ಕೆ ದೊರೆ ಬುಕ್ ಬರೀಬೇಕಾ?" ಅಂದಳು.

ಅಜ್ಜಿ ಹೇಳಿದ್ದರಲ್ಲೇ ಪಾಯಿಂಟ್ ಇದೆ. ನೆರಳಿನ ಕೆಳಗೆ ಕಾಫಿ ಬೆಳೆಯೋದು ಇಲ್ಲಿನವರ ಹಳೇ ಪದ್ಧತಿ. ಮಳೆಗಾಲದಲ್ಲಿ ಇಳಿಜಾರಿನ ಮಣ್ಣು ಕೊಚ್ಚಿ ಹೋಗದ ಹಾಗೆ ಮರದ ಬೇರು ಹಿಡೀತಾವೆ, ಉದುರಿದ ಎಲೆ ಗೊಬ್ಬರ ಆಗುತ್ತೆ, ಬೇಸಿಗೆಯಲ್ಲಿ ಗಿಡಕ್ಕೆ ತಂಪು. ಮಳೆ ಹೆಚ್ಚಾದಾಗ ಮರಗಸಿ ಮಾಡಿ ಬೆಳಕು ಬಿಡಬಹುದು. ಹೊರಗಿಂದ ಬಂದವರು ಮೊದಲು ಮರ ಕಡಿದು, ನಷ್ಟ ಮಾಡಿಕೊಂಡು, ಆಮೇಲೆ ಅದೇ ಮರಗಳನ್ನ ಮತ್ತೆ ನೆಟ್ಟರು. ಎಲಿಯಟ್‌ನ ದೊಡ್ಡತನ ಏನಂದ್ರೆ ಇದನ್ನ ನೋಡಿ ಕಲಿತು, ಮುಂದಿನವರಿಗೆ ಬರೆದಿಟ್ಟ. ಅದೇ ಮಂಜರಾಬಾದಿನ ಇನ್ನೊಬ್ಬ ಬೆಳೆಗಾರ ಗ್ರಹಾಂ ಆಂಡರ್ಸನ್ ಕೂಡ 1879ರಲ್ಲಿ ಕಾಫಿ ಕೃಷಿ ಬಗ್ಗೆ ಪುಸ್ತಕ ಬರೆದ.

ಸಿಲೋನ್ ಏನಾಯ್ತು? 1869ರಲ್ಲಿ ಅಲ್ಲಿ ಎಲೆ ತುಕ್ಕು ರೋಗ ಕಾಣಿಸ್ತು. ಮುಂದಿನ ಇಪ್ಪತ್ತು ವರ್ಷದಲ್ಲಿ ಕಾಫಿ ಹೆಚ್ಚುಕಡಿಮೆ ನಾಶ ಆಗಿ, ಆ ದೇಶ ಟೀ ಕಡೆಗೆ ತಿರುಗಿತು. ಅದೇ ರೋಗ ನಮ್ಮ ಕಡೆನೂ ಬಂತು, ಆದರೆ ಸಕಲೇಶಪುರ, ಚಿಕ್ಕಮಗಳೂರು, ಕೊಡಗಿನಲ್ಲಿ ಇವತ್ತಿಗೂ ಕಾಫಿ ಇದೆ, ಅದೂ ಮರದ ನೆರಳಲ್ಲಿ.

3. ಮೈಸೂರಿನ ಸಭೆ

ಈಗ ಎರಡನೇ ಭಾಗ. 1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರನ್ನ ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಸಿ. ರಂಗಾಚಾರ್ಲು ದಿವಾನರಾದರು. ಅದೇ ವರ್ಷ ಅಕ್ಟೋಬರ್ 7ರಂದು, ದಸರಾ ಸಮಯದಲ್ಲಿ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. 144 ಜನ ಸದಸ್ಯರು. ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು. ಕಾಂಗ್ರೆಸ್ ಹುಟ್ಟಿದ್ದು 1885ರಲ್ಲಿ, ಅಂದ್ರೆ ಅದಕ್ಕೂ ನಾಲ್ಕು ವರ್ಷ ಮೊದಲು.

ಸಭೆ ಹೇಗೆ ನಡೀತಿತ್ತು? ವರ್ಷಕ್ಕೊಂದು ಸಲ ತಾಲ್ಲೂಕುಗಳಿಂದ ಜಮೀನಿರುವ ರೈತರು, ವ್ಯಾಪಾರಿಗಳು ಮೈಸೂರಿಗೆ ಬರ್ತಿದ್ರು. ದಿವಾನರು ರಾಜ್ಯದ ಆದಾಯ, ಖರ್ಚು, ಮಾಡಿದ ಕೆಲಸ, ಮಾಡಬೇಕಾದ ಕೆಲಸ ಎಲ್ಲಾ ಓದಿ ಹೇಳ್ತಿದ್ರು. ಸದಸ್ಯರು ತಮ್ಮ ತಾಲ್ಲೂಕಿನ ಅಹವಾಲು ಹೇಳ್ತಿದ್ರು: ರಸ್ತೆ, ಕೆರೆ, ಕಂದಾಯ, ಕಾಡು. ಕಾನೂನು ಮಾಡೋ ಅಧಿಕಾರ ಇರಲಿಲ್ಲ, ಬಜೆಟ್ ಮೇಲೆ ವೋಟ್ ಹಾಕೋ ಅಧಿಕಾರನೂ ಇರಲಿಲ್ಲ. ಕೇಳೋ ಅಧಿಕಾರ ಮಾತ್ರ. ಆದರೆ ಆ ಕಾಲಕ್ಕೆ ದಿವಾನರ ಎದುರು ನಿಂತು ಕೇಳೋದು ಸಣ್ಣ ವಿಷಯ ಅಲ್ಲ.

ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಅವರ ನಂತರ ಬಂದ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1891ರಲ್ಲಿ, ಸದಸ್ಯರನ್ನ ಚುನಾಯಿಸೋ ಪದ್ಧತಿ ಬಂತು. ವೋಟು ಯಾರಿಗೆ? ಇಷ್ಟು ಕಂದಾಯ ಅಥವಾ ತೆರಿಗೆ ಕಟ್ಟುವವರಿಗೆ, ಆಸ್ತಿ ಇರುವ ಪದವೀಧರರಿಗೆ. ಬೆಳೆಗಾರರಿಗೂ ಸಭೆಯಲ್ಲಿ ಜಾಗ ಇತ್ತು. ಎಲಿಯಟ್ ಸದಸ್ಯನಾಗಿ ಕೂತಿದ್ದು ಈ ದಿನಗಳಲ್ಲೇ. ಹದಿನೆಂಟಕ್ಕೆ ಕಾಡಿಗೆ ಬಂದವನು, ಐವತ್ತು ದಾಟಿದ ಮೇಲೆ, ಅರಮನೆಯ ಊರಿನಲ್ಲಿ ಗೌಡರು, ಶೆಟ್ಟರು, ವಕೀಲರ ಮಧ್ಯೆ ಕೂತು ಮಾತಾಡಿದ.

ಈ ಸಭೆ ಅವನಿಗೆ ತುಂಬ ಹಿಡಿಸಿತು. ಪುಸ್ತಕದಲ್ಲಿ ಒಂದು ಅಧ್ಯಾಯನೇ ಅದಕ್ಕೆ ಮೀಸಲು. ಅದೇ ಪುಸ್ತಕದಲ್ಲಿ ಕಾಂಗ್ರೆಸ್ ಮೇಲೂ ಅಧ್ಯಾಯ ಇದೆ, ಅದರಲ್ಲಿ ಪೂರ್ತಿ ವಿರೋಧ. ಮೊದಲು ಇದು ನನಗೆ ಕನ್‌ಫ್ಯೂಸ್ ಆಯ್ತು. ಪ್ರತಿನಿಧಿ ಸಭೆ ಒಳ್ಳೇದು ಅನ್ನೋನು, ಪ್ರಾತಿನಿಧ್ಯ ಕೇಳೋ ಕಾಂಗ್ರೆಸ್ ಬೇಡ ಅನ್ನೋದು ಹೇಗೆ? ಆಮೇಲೆ ಯೋಚಿಸಿದರೆ ಲಾಜಿಕ್ ಕಾಣುತ್ತೆ. ಮೈಸೂರಿನ ಸಭೆ ಕೇಳುತ್ತಿತ್ತು, ಕೊಡೋದು ಬಿಡೋದು ದಿವಾನರ ಇಷ್ಟ. ಕಾಂಗ್ರೆಸ್ ಕೇಳ್ತಿದ್ದದ್ದು ನಿರ್ಧಾರದಲ್ಲಿ ಪಾಲು. ಬೆಳೆಗಾರನಿಗೆ ಮೊದಲನೇದರಿಂದ ಯಾವ ಅಪಾಯನೂ ಇಲ್ಲ.

ಬೆಳೆಗಾರರ ಬೇಡಿಕೆಗಳಲ್ಲಿ ಎಲ್ಲರಿಗೂ ಉಪಯೋಗ ಆದ ವಿಷಯಗಳೂ ಇವೆ. ಕೃಷಿಗೆ ವಿಜ್ಞಾನ ಬೇಕು, ಮಣ್ಣು ಪರೀಕ್ಷೆ ಮಾಡೋ ರಸಾಯನಶಾಸ್ತ್ರಜ್ಞ ಬೇಕು ಅನ್ನೋ ಮಾತು ಆಗಲೇ ಇತ್ತು. ಎಲಿಯಟ್ ಕೂಡ ಅದರ ಪರ. 1890ರ ದಶಕದ ಕೊನೆಗೆ ಮೈಸೂರು ಸರ್ಕಾರಕ್ಕೆ ಲೆಹ್ಮನ್ ಅನ್ನೋ ಕೃಷಿ ರಸಾಯನಶಾಸ್ತ್ರಜ್ಞ ಬಂದರು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟರು, ಮುಂದೆ ಅದೇ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೇರು. ಕಾಫಿಗೇ ಅಂತ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯ್ತು.

4. ಅಡ್ವಾನ್ಸ್ ಲೆಕ್ಕ

ಇಲ್ಲಿವರೆಗೂ ಓದಿ ನಾನು ಎಲಿಯಟ್ ಫ್ಯಾನ್ ಆಗಿದ್ದೆ. ರಜೆಗೆ ಊರಿಗೆ ಹೋದಾಗ ಅಜ್ಜಿ ಹತ್ತಿರ ಎಲ್ಲಾ ಹೇಳಿದೆ. ಆಗ ಅವಳು ಅವಳ ಅಜ್ಜಿ ಕಥೆ ಹೇಳಿದಳು.

ತೋಟಕ್ಕೆ ಜನ ಕರ್ಕೊಂಡು ಹೋಗೋದು ಮೇಸ್ತ್ರಿ. ಮಳೆ ಕೈಕೊಟ್ಟಾಗಲೋ, ಮದುವೆಗೋ, ಹಬ್ಬಕ್ಕೋ ಮುಂಗಡ ದುಡ್ಡು ಕೊಡ್ತಾನೆ. ಸುಗ್ಗಿ ಮುಗಿದ ಮೇಲೆ ಘಟ್ಟದ ಕಡೆ ಹೋಗಿ, ಲೈನ್ ಮನೆಯಲ್ಲಿ ಇದ್ದು, ದುಡಿದು ತೀರಿಸಬೇಕು. ಅಜ್ಜಿಯ ಅಜ್ಜಿ ಒಂದು ವರ್ಷ ಹಾಗೆ ಹೋಗಿದ್ದಾಗ ಮಗುಗೆ ಚಳಿಜ್ವರ ಬಂತು. ಲೆಕ್ಕ ತೀರೋಕೆ ಮುಂಚೆ ಮಗು ಎತ್ಕೊಂಡು ಊರಿಗೆ ಬಂದುಬಿಟ್ಟಳು. ವಾರದೊಳಗೆ ಮೇಸ್ತ್ರಿ ಬಂದು ಬಾಗಿಲಲ್ಲಿ ನಿಂತ. ದುಡ್ಡು ಇರಲಿಲ್ಲ. ಹಿತ್ತಾಳೆ ಬಿಂದಿಗೆ ತಗೊಂಡು ಹೋದ. "ಬಿಂದ್ಗೆ ಹೋದ್ರೆ ಹೋಗ್ಲಿ, ಜೈಲ್ ತಪ್ತಲ್ಲ ಅಂತಿದ್ಳು ನಮ್ಮಜ್ಜಿ" ಅಂದಳು.

ಜೈಲು ಯಾಕೆ ಅಂತ ನನಗೆ ಅರ್ಥ ಆಗಲಿಲ್ಲ. ಸಾಲ ತೀರಿಸದಿದ್ರೆ ಸಿವಿಲ್ ಕೇಸ್ ಅಲ್ವಾ? ಹುಡುಕಿದಾಗ ಗೊತ್ತಾಯ್ತು. 1859ರ 13ನೇ ಆಕ್ಟ್, ಕೆಲಸಗಾರರ ಕರಾರು ಉಲ್ಲಂಘನೆ ಕಾನೂನು. ಮುಂಗಡ ತಗೊಂಡವನು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬಹುದು. ಒಂದೋ ದುಡ್ಡು ವಾಪಸ್ ಕೊಡಬೇಕು, ಇಲ್ಲಾ ಕೆಲಸ ಮುಗಿಸಬೇಕು. ಇಲ್ಲದಿದ್ದರೆ ಮೂರು ತಿಂಗಳವರೆಗೂ ಜೈಲು. ತೋಟದ ಮಾಲೀಕ ಕೂಲಿ ಸರಿಯಾಗಿ ಕೊಡದಿದ್ದರೆ ಅವನಿಗೆ ಈ ಕಾನೂನಲ್ಲಿ ಜೈಲು ಇಲ್ಲ. ಈ ಕಾನೂನು ಹೋಗಿದ್ದು 1926ರಲ್ಲಿ.

ಇದನ್ನ ತಿಳ್ಕೊಂಡು ಎಲಿಯಟ್ ಪುಸ್ತಕ ಮತ್ತೆ ತೆಗೆದೆ. ಕೂಲಿ ಜನರ ಬಗ್ಗೆ ಅವನು ಕೆಟ್ಟದಾಗೇನೂ ಬರೆದಿಲ್ಲ. ಬಯಲುಸೀಮೆಯವರು ತಮ್ಮ ಸುಗ್ಗಿ ಮುಗಿಸಿ ತೋಟಕ್ಕೆ ಬರ್ತಾರೆ, ದುಡಿದ ನಗದು ತಗೊಂಡು ಹೋಗಿ ಕಂದಾಯ ಕಟ್ತಾರೆ, ಹಾಗಾಗಿ ಕಾಫಿಯಿಂದ ರಾಜ್ಯಕ್ಕೆಲ್ಲ ಲಾಭ ಅನ್ನೋದು ಅವನ ವಾದ. ಅದರಲ್ಲಿ ನಿಜ ಇದೆ. 1876–78ರ ಬರದಲ್ಲಿ ಮೈಸೂರು ಎಷ್ಟು ಜನರನ್ನ ಕಳ್ಕೊಂಡಿತು ಅನ್ನೋದಕ್ಕೆ ಜನಗಣತಿ ನೋಡಿ: 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ಕ್ಕೆ ಸುಮಾರು 42 ಲಕ್ಷ. ಅಂಥ ಕಾಲದಲ್ಲಿ ಕೈಗೆ ಕೂಲಿ ಸಿಗೋದು ದೊಡ್ಡದೇ. ಆದರೆ ಮುಂಗಡದ ವಿಷಯ ಬಂದಾಗ ಅವನು ಹೇಳೋದು ಮಾಲೀಕನ ನಷ್ಟದ ಬಗ್ಗೆ, ಓಡಿ ಹೋದವರ ಬಗ್ಗೆ. ಯಾಕೆ ಹೋದರು ಅನ್ನೋದು ಅಲ್ಲಿಲ್ಲ. ಗೋಣಿ ಮರಕ್ಕೂ ಬಸರಿ ಮರಕ್ಕೂ ಇರೋ ವ್ಯತ್ಯಾಸ ಅಷ್ಟು ಚೆನ್ನಾಗಿ ಗೊತ್ತಿದ್ದವನಿಗೆ ಲೈನ್ ಮನೆಯ ಮಗುವಿನ ಜ್ವರ ಕಾಣಲಿಲ್ಲ.

ಅವನು ಕೆಟ್ಟವನು ಅಂತ ನಾನು ಹೇಳ್ತಿಲ್ಲ. ಸಭೆಯಲ್ಲಿ ಕೂತಿದ್ದವರನ್ನ ಒಮ್ಮೆ ನೆನಪು ಮಾಡ್ಕೊಳ್ಳಿ. ಬೆಳೆಗಾರ ಇದ್ದ, ಜಮೀನಿದ್ದ ರೈತ ಇದ್ದ, ವ್ಯಾಪಾರಿ ಇದ್ದ, ವಕೀಲ ಇದ್ದ. ಕಂದಾಯ ಕಟ್ಟೋಕೆ ಜಮೀನೇ ಇಲ್ಲದ ಹೆಂಗಸು ಇರಲಿಲ್ಲ. ಅವಳ ಪರವಾಗಿ ಕೇಳುವವರು ಅಲ್ಲಿ ಇದ್ದಿದ್ದರೆ ಎಲಿಯಟ್‌ಗೆ ಉತ್ತರ ಕೊಡಬೇಕಾಗ್ತಿತ್ತು. ಬೋರರ್ ಬಂದಾಗ ಗಿಡ ಸತ್ತು ಉತ್ತರ ಕೇಳ್ತು, ಅದಕ್ಕೇ ಅವನು ಕಲಿತ. ಇಲ್ಲಿ ಕೇಳೋರೇ ಇರಲಿಲ್ಲ.

5. ಕೊನೆಯ ದಿನಗಳು

ಎಲಿಯಟ್‌ಗೆ ಸ್ಕಾಟ್ಲೆಂಡಿನ ಗಡಿ ಭಾಗದಲ್ಲಿ ಕ್ಲಿಫ್ಟನ್ ಪಾರ್ಕ್ ಅನ್ನೋ ಜಮೀನಿತ್ತು. ಅಲ್ಲಿ ರಾಸಾಯನಿಕ ಗೊಬ್ಬರದ ಖರ್ಚು ತಗ್ಗಿಸಿ ಮಣ್ಣನ್ನೇ ಗಟ್ಟಿ ಮಾಡೋ ಪ್ರಯೋಗಕ್ಕೆ ಇಳಿದ. ಚಿಕೋರಿಯಂಥ ಆಳಕ್ಕೆ ಬೇರು ಬಿಡೋ ಗಿಡಗಳನ್ನ ಹುಲ್ಲಿನ ಜೊತೆ ಬೆರೆಸಿ ಬಿತ್ತೋದು, ಕೆಲವು ವರ್ಷ ಹುಲ್ಲುಗಾವಲಾಗಿ ಬಿಟ್ಟು ಆಮೇಲೆ ಉತ್ತು ಬೆಳೆ ತೆಗೆಯೋದು. ಬೇರೇ ನೇಗಿಲು, ಕೊಳೆತ ಹುಲ್ಲೇ ಗೊಬ್ಬರ. 1898ರಲ್ಲಿ ಇದರ ಪುಸ್ತಕ ಬಂತು. 1914ರಲ್ಲಿ ಆತ ತೀರಿಕೊಂಡ ಮೇಲೂ ಅದು ಸಾಯಲಿಲ್ಲ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಇಂಗ್ಲೆಂಡಿನಲ್ಲಿ ಮತ್ತೆ ಅಚ್ಚಾಯ್ತು. ಸಾವಯವ ಕೃಷಿಯ ಚರಿತ್ರೆ ಬರೆಯೋರು ಇವತ್ತಿಗೂ ಅವನ ಹೆಸರು ಹೇಳ್ತಾರೆ.

ತಮಾಷೆ ಏನಂದ್ರೆ ಮಂಜರಾಬಾದಿನಲ್ಲೂ ಆತ ಕಾಡಿನ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಅಂತ ಬರೀತಿದ್ದ. ನಮ್ಮ ಮಲೆನಾಡಿನ ಅನುಭವ ಅವನ ಜೊತೆ ಅಲ್ಲಿಗೂ ಹೋಗಿತ್ತು ಅಂತ ನನಗನ್ನಿಸುತ್ತೆ.

6. ನಾನು ಕಲಿತದ್ದು

ಪ್ರಜಾಪ್ರತಿನಿಧಿ ಸಭೆ 1949ರವರೆಗೂ ಇತ್ತು. 1951–52ರಲ್ಲಿ ಮೊದಲ ಮಹಾಚುನಾವಣೆ ಆಯ್ತು. ಕಂದಾಯ ಕಟ್ಟಿದ ರಸೀದಿ ಬೇಕಾಗಿಲ್ಲ, ವಯಸ್ಸಾಗಿದ್ರೆ ಸಾಕು, ವೋಟು. ಅದೇ ಹೊತ್ತಿಗೆ, 1951ರಲ್ಲಿ, ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಬಂತು. ದೊಡ್ಡ ತೋಟಗಳಲ್ಲಿ ಕೆಲಸದವರಿಗೆ ಮನೆ, ಕುಡಿಯೋ ನೀರು, ಆಸ್ಪತ್ರೆ ಸೌಲಭ್ಯ, ಮಕ್ಕಳನ್ನ ನೋಡ್ಕೊಳ್ಳೋ ಜಾಗ ಕೊಡಬೇಕು ಅಂತ ಅದು ಹೇಳಿತ್ತು. ಅಜ್ಜಿಯ ಅಜ್ಜಿ ಮಗು ಎತ್ಕೊಂಡು ನಡೆದು ಬಂದದ್ದು ನೆನೆಸಿಕೊಂಡು ಆ ಪಟ್ಟಿ ಓದಿ. ಒಂದೊಂದು ಸಾಲೂ ಯಾರೋ ಒಬ್ಬರ ಕಷ್ಟದಿಂದ ಬಂದ ಹಾಗಿದೆ.

ನಾಳೆ ನಾವೂ ಡ್ಯಾಮೋ, ರಸ್ತೆನೋ, ಆ್ಯಪೋ ಏನೋ ಒಂದು ಮಾಡ್ತೀವಿ. ಮೀಟಿಂಗ್‌ಗಳಲ್ಲಿ ಕೂತ್ಕೊಳ್ತೀವಿ. ಎಲಿಯಟ್‌ನಿಂದ ಎರಡು ವಿಷಯ ಕಲೀಬಹುದು ಅನ್ನಿಸ್ತು. ಒಂದು, ಪ್ಲಾನ್ ಫೇಲ್ ಆದಾಗ ಮುಚ್ಚಿಡದೆ ಕಾರಣ ಹುಡುಕಿ ಬರೆದಿಡೋದು, ಊರಿನವರ ಮರದ ಹೆಸರನ್ನ ಊರಿನವರ ಭಾಷೆಯಲ್ಲೇ ಕಲಿಯೋದು. ಎರಡು, ಮೀಟಿಂಗ್‌ನಲ್ಲಿ ಖಾಲಿ ಇರೋ ಕುರ್ಚಿ ಯಾರದ್ದು ಅಂತ ಕೇಳೋದು. ಮೊದಲನೇದನ್ನ ಅವನು ಮಾಡಿದ, ಎರಡನೇದನ್ನ ಮಾಡಲಿಲ್ಲ.

ಸಂಘದ ಮುಂದಿನ ಶನಿವಾರದ ಚರ್ಚೆಗೆ ಮೂರು ಪ್ರಶ್ನೆ:

1. ನಿಮ್ಮ ಊರಿನಲ್ಲಿ ಹೊರಗಿಂದ ಬಂದ ಯಾವ ಪದ್ಧತಿ ಸೋತು, ಹಳೇ ಪದ್ಧತಿ ಗೆದ್ದಿದೆ? ಕಾರಣ ಏನು?

2. ಕೇಳೋ ಅಧಿಕಾರ ಮಾತ್ರ ಇದ್ದ ಸಭೆಯಿಂದ ಉಪಯೋಗ ಇತ್ತಾ? ನಮ್ಮ ಕಾಲೇಜಿನ ಕ್ಲಾಸ್ ರೆಪ್ರೆಸೆಂಟೇಟಿವ್ ಮೀಟಿಂಗ್ ನೆನೆಸಿಕೊಂಡು ಉತ್ತರ ಹೇಳಿ.

3. ನಿಮ್ಮ ಮನೆಯ ಹಿರಿಯರು ಮೊದಲ ಸಲ ವೋಟು ಹಾಕಿದ್ದು ಯಾವಾಗ? ಹಾಸ್ಟೆಲ್‌ನಿಂದ ಇವತ್ತೇ ಫೋನ್ ಮಾಡಿ ಕೇಳಿ.

ನಾನು ಮೂರನೇದನ್ನ ಅಜ್ಜಿಗೆ ಕೇಳಿದೆ. ಇಸವಿ ನೆನಪಿಲ್ಲವಂತೆ. ಆದರೆ ಆ ದಿನ ತೋಟಕ್ಕೆ ಹೋಗಿರಲಿಲ್ಲ, ಅವ್ವನ ಜೊತೆ ಸಾಲಲ್ಲಿ ನಿಂತಿದ್ದೆ, ಮೇಸ್ತ್ರಿನೂ ನಮ್ಮ ಹಿಂದೆನೇ ನಿಂತಿದ್ದ ಅಂದಳು. ಅದನ್ನ ಹೇಳುವಾಗ ನಕ್ಕಳು.